ಹೃದಯದ ಮೇಲೆ ಕೊಬ್ಬು: ಎಕೋ ವರದಿಯ ಕೊನೆಯ ಸಾಲು

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಊರು ಚನ್ನರಾಯಪಟ್ಟಣದ ಹತ್ತಿರ. ನಮ್ಮ ಯಜಮಾನರಿಗೆ 44 ವರ್ಷ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎತ್ತರ 168 ಸೆಂ.ಮೀ., ತೂಕ 84 ಕೆ.ಜಿ. ಸಿಗರೇಟು ಇಲ್ಲ, ಕುಡಿಯುವುದು ಯಾವಾಗಲಾದರೂ ಒಮ್ಮೆ. ನಾಲ್ಕೈದು ತಿಂಗಳಿಂದ ಮೆಟ್ರೊ ಸ್ಟೇಷನ್ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅನ್ನುತ್ತಿದ್ದರು. ಹೋದ ತಿಂಗಳು ಒಂದು ಲ್ಯಾಬಿನ ಪ್ಯಾಕೇಜಿನಲ್ಲಿ ಇಬ್ಬರೂ ಚೆಕಪ್ ಮಾಡಿಸಿದೆವು. ಇವರ ಬಿ.ಪಿ. 138/88, ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ 6.2, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 246, ಒಳ್ಳೆ ಕೊಲೆಸ್ಟರಾಲ್ ಎಚ್‌ಡಿಎಲ್ 34, ಕೆಟ್ಟ ಕೊಲೆಸ್ಟರಾಲ್ ಎಲ್‌ಡಿಎಲ್ 138. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್. ಹೃದಯದ ಸ್ಕ್ಯಾನ್ ಎಕೋದಲ್ಲಿ ಇ.ಎಫ್. (ಪಂಪಿಂಗ್) 60%, ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಕೊನೆಯಲ್ಲಿ ‘ಎಪಿಕಾರ್ಡಿಯಲ್ ಫ್ಯಾಟ್ ಹೆಚ್ಚಿದೆ, 8 ಮಿ.ಮೀ.’ ಅಂತ ಬರೆದಿದ್ದಾರೆ. ಹಾರ್ಟ್ ಮೇಲೆ ಕೊಬ್ಬು ಅಂದರೆ ಏನು? ಅದು ಕರಗಿ ಜಾರಿ ರಕ್ತನಾಳಕ್ಕೆ ಹೋಗಿ ಬ್ಲಾಕ್ ಆಗುತ್ತದಾ? ಭಯಕ್ಕೆ ನನಗೆ ನಿದ್ದೆ ಇಲ್ಲ. ಅವರು ಮಾತ್ರ ಗೊರಕೆ ಹೊಡೆಯುತ್ತಾರೆ, ನಡುವೆ ಗಕ್ಕನೆ ನಿಂತು ಆಮೇಲೆ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ. ನಮ್ಮ ಮಾವನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಅತ್ತೆ ‘ನಮ್ಮ ಮನೆಯವರ ಮೈಕಟ್ಟೇ ಹಾಗೆ, ಎಣ್ಣೆ ಬಿಟ್ಟು ತುಪ್ಪ ತಿನ್ನಲಿ’ ಅನ್ನುತ್ತಾರೆ. ಮೈದುನ ‘ಅಣ್ಣ ಕೀಟೋ ಮಾಡಲಿ’ ಅನ್ನುತ್ತಾನೆ. ಆಫೀಸಿನವರೊಬ್ಬರು ಇಂಜೆಕ್ಷನ್ ತಗೊಂಡು 12 ಕೆ.ಜಿ. ಇಳಿದರಂತೆ. ಯಾರ ಮಾತು ಕೇಳಲಿ? ನನಗೇನೂ ತೊಂದರೆ ಇಲ್ಲ, 41 ವರ್ಷ, 54 ಕೆ.ಜಿ., ಸಣ್ಣಗಿದ್ದೇನೆ. ಎಚ್‌ಬಿಎ1ಸಿ 5.9 ಬಂದಿದೆ ಅಷ್ಟೇ. ಎರಡನೇ ಬಸಿರಲ್ಲಿ ಶುಗರ್ ಬಂದು ಹೋಗಿತ್ತು.

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಆ ಕೊಬ್ಬು ಜಾರಿ ರಕ್ತನಾಳದೊಳಗೆ ಬೀಳುವುದಿಲ್ಲ. ಅದು ಇರುವುದು ಹೃದಯದ ಹೊರಮೈಯಲ್ಲಿ. ನಾವು ‘ಬ್ಲಾಕ್’ ಅನ್ನುವುದು ಬೆಳೆಯುವುದು ರಕ್ತನಾಳದ ಗೋಡೆಯೊಳಗೆ, ವರ್ಷಗಟ್ಟಲೆ ಕೊಲೆಸ್ಟರಾಲ್ ಇಳಿದು ಇಳಿದು. ಎರಡಕ್ಕೂ ನಂಟಿದೆ, ಆದರೆ ನೀವು ಅಂದುಕೊಂಡಿರುವ ನಂಟಲ್ಲ.

ಓದುವ ದಿನಗಳಲ್ಲಿ ಮೊದಲ ಸಲ ಬೈಪಾಸ್ ಆಪರೇಷನ್ ನೋಡಲು ನಿಂತಾಗ ಹೃದಯ ಕೆಂಪಗಿರುತ್ತದೆ ಅಂದುಕೊಂಡಿದ್ದೆ, ಪುಸ್ತಕದಲ್ಲಿ ಹಾಗೇ ಇತ್ತಲ್ಲ. ಎದೆ ತೆರೆದಾಗ ಕಂಡದ್ದು ಹಳದಿ. ಬೆಣ್ಣೆ ಮೆತ್ತಿದ ಹಾಗೆ ಹೃದಯದ ಮೇಲೆಲ್ಲ ಹಳದಿ ಕೊಬ್ಬು, ಅದರ ಸಂದಿಯಲ್ಲಿ ಅಲ್ಲಲ್ಲಿ ಕಂದುಗೆಂಪು ಮಾಂಸ. ಹೊಲಿಗೆ ಹಾಕಬೇಕಾದ ರಕ್ತನಾಳ ಕಣ್ಣಿಗೇ ಬೀಳಲಿಲ್ಲ. ಸರ್ಜನ್ ಕೊಬ್ಬನ್ನು ಮೆಲ್ಲಗೆ ಬಿಡಿಸಿಕೊಂಡು, ಒಳಗೆ ಹುದುಗಿದ್ದ ನಾಳವನ್ನು ಹುಡುಕಿ ತೆಗೆದರು. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಬಹುಪಾಲು ಈ ಕೊಬ್ಬಿನೊಳಗೇ ಹಾದು ಹೋಗುತ್ತವೆ. ಇದು ಎಲ್ಲರಲ್ಲೂ ಇರುತ್ತದೆ, ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಆರೋಗ್ಯವಂತರ ಹೃದಯದ ತೂಕದಲ್ಲೂ ಸುಮಾರು ಐದನೇ ಒಂದು ಪಾಲು ಕೊಬ್ಬೇ. ಬಡಿಯುವ ಹೃದಯಕ್ಕೆ ಮೆತ್ತೆಯಾಗಿ, ಬೇಕಾದಾಗ ಇಂಧನವಾಗಿ ಅದು ಕೆಲಸಕ್ಕೆ ಬರುತ್ತದೆ. ಆದ್ದರಿಂದ ವರದಿಯಲ್ಲಿ ಕೊಬ್ಬು ‘ಇದೆ’ ಅನ್ನುವುದು ಸುದ್ದಿಯೇ ಅಲ್ಲ. ‘ಹೆಚ್ಚಿದೆ’ ಅನ್ನುವುದು ಸುದ್ದಿ.

ಹೆಚ್ಚುವುದು ಯಾಕೆ? ಹಳೆಯ ಮನೆಗಳಲ್ಲಿ ಕಣಜ ಇರುತ್ತಿತ್ತು, ನಿಮ್ಮ ಅತ್ತೆಯವರು ನೋಡಿರುತ್ತಾರೆ. ಬೆಳೆ ಚೆನ್ನಾಗಿ ಬಂದ ವರ್ಷ ಕಣಜ ತುಂಬಿ, ಮಿಕ್ಕದ್ದನ್ನು ನಡುಮನೆಯಲ್ಲಿ ಮೂಟೆ ಕಟ್ಟಿಡುತ್ತಿದ್ದರು. ಅದೂ ತುಂಬಿದರೆ ಅಡುಗೆಮನೆ ಮೂಲೆಗೆ, ಕೊನೆಗೆ ದೇವರಮನೆ ಬಾಗಿಲಿಗೆ. ಮೈಯಲ್ಲಿ ಚರ್ಮದ ಕೆಳಗಿನ ಕೊಬ್ಬು ಕಣಜ. ತೊಡೆ, ಸೊಂಟ, ತೋಳು, ಇಲ್ಲೆಲ್ಲ ಸೇರುವ ಕೊಬ್ಬಿನಿಂದ ಹೃದಯಕ್ಕೆ ಅಷ್ಟು ತೊಂದರೆಯಿಲ್ಲ. ಅಲ್ಲಿ ಜಾಗ ಸಾಲದೆ ಹೋದಾಗ ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುತ್ತದೆ, ಲಿವರ್‌ನೊಳಗೆ ನುಗ್ಗುತ್ತದೆ, ಹೃದಯದ ಮೇಲೂ ಏರುತ್ತದೆ, ಹೃದಯದ ಮಾಂಸದ ಕಣಗಳೊಳಗೂ ಸ್ವಲ್ಪ ಇಳಿಯುತ್ತದೆ. ನಿಮ್ಮ ಯಜಮಾನರ ಫ್ಯಾಟಿ ಲಿವರ್ ಮತ್ತು ಎಕೋದ ಆ 8 ಮಿ.ಮೀ. ಬೇರೆ ಬೇರೆ ಕಾಯಿಲೆಗಳಲ್ಲ. ಕಣಜ ತುಂಬಿ ಚೆಲ್ಲಿದ್ದು ಎರಡು ಕಡೆ ಕಂಡಿದೆ, ಅಷ್ಟೇ.

ನಮ್ಮವರ ಕಷ್ಟವೆಂದರೆ ನಮ್ಮ ಕಣಜವೇ ಚಿಕ್ಕದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಇದನ್ನು ತೋರಿಸಿದ್ದರು. ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ತಕ್ಕಂತೆ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ 9.1%, ಯಾಜ್ಞಿಕ್ ಅವರಲ್ಲಿ 21.2%. ನೋಡಲು ಇಬ್ಬರೂ ತೆಳ್ಳಗೇ ಇದ್ದರು. ಇಂಥ ಕಾರಣಕ್ಕೇ ನಮಗೆ ಅಳತೆಗೋಲು ಬೇರೆ: ಪಾಶ್ಚಾತ್ಯರಿಗೆ ಬಿ.ಎಂ.ಐ. 30 ದಾಟಿದರೆ ಬೊಜ್ಜು, ನಮಗೆ 25 ದಾಟಿದರೆ. ನಿಮ್ಮ ಯಜಮಾನರದು ಲೆಕ್ಕ ಹಾಕಿದರೆ 29.8. ಅಂತರ್ಜಾಲದ ಕ್ಯಾಲ್ಕುಲೇಟರ್ ‘ಸ್ವಲ್ಪ ಹೆಚ್ಚು ತೂಕ’ ಅಂತ ಸಮಾಧಾನ ಹೇಳಿರಬಹುದು, ಅದನ್ನು ನಂಬಬೇಡಿ.

ಇಷ್ಟೆಲ್ಲ ಅಳತೆ ಕೊಟ್ಟ ನೀವು ಒಂದನ್ನು ಬಿಟ್ಟಿದ್ದೀರಿ, ಅವರ ಹೊಟ್ಟೆಯ ಸುತ್ತಳತೆ. ಲ್ಯಾಬಿನ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ, ಯಾಕೆಂದರೆ ಅದಕ್ಕೆ ದುಡ್ಡು ಕೇಳಲಾಗುವುದಿಲ್ಲ. ದರ್ಜಿಯ ಟೇಪು ಸಾಕು. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿ ‘ನನ್ನದು ಇನ್ನೂ 36’ ಅನ್ನುತ್ತಾರೆ. ಬನಿಯನ್ ಎತ್ತಿ, ಪಕ್ಕೆಲುಬಿನ ಕೊನೆಯ ಅಂಚು ಎಲ್ಲಿದೆ ಬೆರಳಿಟ್ಟು ನೋಡಿ. ಸೊಂಟದ ಮೂಳೆಯ ಮೇಲಂಚು ಎಲ್ಲಿದೆ ನೋಡಿ. ಅವೆರಡರ ನಡುಮಧ್ಯೆ ಟೇಪು ಸುತ್ತಿ, ಅವರು ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಎಳೆದುಕೊಳ್ಳಲು ಬಿಡಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ನಮ್ಮವರ ಮಿತಿ. 2023ರಲ್ಲಿ ಹೊರಬಂದ ಐ.ಸಿ.ಎಂ.ಆರ್.–ಇಂಡಿಯಾಬ್ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ತೂಕದ ಲೆಕ್ಕದ ಬೊಜ್ಜು 28.6% ಇದ್ದರೆ, ಹೊಟ್ಟೆಯ ಬೊಜ್ಜು 39.5%. ಅಂದರೆ ತಕ್ಕಡಿಯಿಂದ ತಪ್ಪಿಸಿಕೊಂಡ ಎಷ್ಟೋ ಜನ ಟೇಪಿಗೆ ಸಿಕ್ಕಿಬೀಳುತ್ತಾರೆ.

ಈಗ ಆ ಕೊಬ್ಬು ಮಾಡುವ ಕೆಡುಕಿಗೆ ಬರೋಣ. ಹೃದಯದ ಮೇಲಿನ ಕೊಬ್ಬಿಗೂ ಕೆಳಗಿನ ಮಾಂಸಕ್ಕೂ ನಡುವೆ ಪೊರೆ ಇಲ್ಲ. ಎರಡಕ್ಕೂ ರಕ್ತ ಬರುವುದೂ ಒಂದೇ ಕಡೆಯಿಂದ. ಕೊಬ್ಬು ಹದ ಮೀರಿ ಬೆಳೆದಾಗ ಸುಮ್ಮನೆ ಕೂತಿರುವುದಿಲ್ಲ, ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಒಸರುತ್ತದೆ. ಪಕ್ಕದ ಮನೆಯ ಬಚ್ಚಲ ನೀರು ನಮ್ಮ ಗೋಡೆಗೆ ಇಳಿದ ಹಾಗೆ ಅದು ನೇರವಾಗಿ ಹೃದಯಕ್ಕೂ ಕೊರೊನರಿ ನಾಳದ ಗೋಡೆಗೂ ಇಳಿಯುತ್ತದೆ. ನಾಳದೊಳಗೆ ಮೊದಲೇ ಕೊಲೆಸ್ಟರಾಲ್ ಪಾಚಿ ಇದ್ದರೆ ಅದನ್ನು ಕೆರಳಿಸುತ್ತದೆ. ಹೃದಯದ ಮೇಲಿನ ಕೋಣೆಗಳ ಗೋಡೆಗೆ ಇಳಿದರೆ ವಿದ್ಯುತ್ ಹರಿಯುವ ದಾರಿ ಏರುಪೇರಾಗಿ, ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ದಾರಿಯಾಗುತ್ತದೆ. ಆ ಕಾಯಿಲೆಯ ಹಿಂದೆಯೇ ಪಾರ್ಶ್ವವಾಯುವಿನ ಅಪಾಯವೂ ಬರುತ್ತದೆ.

ಇನ್ನೊಂದು ಕೆಡುಕು ಇ.ಎಫ್. ನೋಡಿದವರಿಗೆ ಕಾಣುವುದಿಲ್ಲ. ‘ಪಂಪಿಂಗ್ 60% ಇದೆ, ಹಾರ್ಟ್ ಫಸ್ಟ್ ಕ್ಲಾಸ್’ ಅಂತ ಯಾರಾದರೂ ಹೇಳಿರುತ್ತಾರೆ. ಕಮ್ಮಾರನ ತಿದಿ ನೆನಪಿದೆಯಾ? ಒತ್ತಿದಾಗ ಗಾಳಿ ಬುಸ್ಸೆಂದು ಹೋಗಬೇಕು, ಬಿಟ್ಟಾಗ ಗಾಳಿ ಒಳಗೆ ತುಂಬಿಕೊಳ್ಳಬೇಕು. ಚರ್ಮ ಬಿರುಸಾದ ತಿದಿ ಒತ್ತಿದರೆ ಚೆನ್ನಾಗಿಯೇ ಊದುತ್ತದೆ, ತುಂಬಿಕೊಳ್ಳುವುದಕ್ಕೆ ತಿಣುಕುತ್ತದೆ. ಇ.ಎಫ್. ಅಳೆಯುವುದು ಊದುವುದನ್ನು ಮಾತ್ರ. ನಿಮ್ಮ ವರದಿಯಲ್ಲಿರುವ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಅಂದರೆ ತುಂಬಿಕೊಳ್ಳುವಲ್ಲಿ ತುಸು ತೊಡಕು. ಗ್ರೇಡ್ 1 ಅನ್ನುವುದು ಅರವತ್ತು ದಾಟಿದ ಎಷ್ಟೋ ಜನರಲ್ಲಿ ಕಾಣುತ್ತದೆ, ಅವರಲ್ಲಿ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. 44ರಲ್ಲಿ ಕಂಡರೆ ಕೊಡುತ್ತೇನೆ. ಕೂತಿದ್ದಾಗ ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ಹೃದಯ ಬೇಗ ಬೇಗ ತುಂಬಬೇಕು, ಆಗ ಒತ್ತಡ ಶ್ವಾಸಕೋಶದ ಕಡೆಗೆ ತಿರುಗಿ ಏದುಸಿರು ಬರುತ್ತದೆ. ತೂಕ ಹೆಚ್ಚಿದ ಮೈಗೆ ರಕ್ತದ ಪ್ರಮಾಣವೂ ಹೆಚ್ಚು ಬೇಕು, ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ಆ ಒತ್ತಡಕ್ಕೆ ಹೃದಯದ ಗೋಡೆ ದಪ್ಪವಾಗುತ್ತದೆ. ಹೀಗೇ ಬಿಟ್ಟರೆ ಹತ್ತು ಹದಿನೈದು ವರ್ಷಕ್ಕೆ ಇ.ಎಫ್. ಸರಿಯಿದ್ದೂ ಹೃದಯ ಸೋಲುವ ಸ್ಥಿತಿಗೆ ಕೆಲವರು ಹೋಗುತ್ತಾರೆ. ನಿಮ್ಮ ಯಜಮಾನರು ಅಲ್ಲಿಗೆ ಹೋಗಿಲ್ಲ. ದಾರಿ ಯಾವುದು ಅನ್ನುವುದು ಮಾತ್ರ ಕಾಣುತ್ತಿದೆ.

ಹೃದಯ ಸೋಲುತ್ತಿದೆಯಾ ಅಂತ ನೋಡಲು ಎನ್‌ಟಿ–ಪ್ರೋಬಿಎನ್‌ಪಿ ಅನ್ನುವ ರಕ್ತಪರೀಕ್ಷೆ ಇದೆ. ದಪ್ಪ ಇರುವವರಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆಯೇ ತೋರಿಸುತ್ತದೆ. ನಾರ್ಮಲ್ ಬಂತು ಅಂತ ಅದೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ಆ 8 ಮಿ.ಮೀ. ಬಗ್ಗೆ ಒಂದು ಮಾತು. ಎಕೋ ಮಾಡುವಾಗ ಬಲ ಹೃತ್ಕುಕ್ಷಿಯ (ಹೃದಯದ ಬಲಗಡೆಯ ಕೆಳಕೋಣೆ) ಮುಂದೆ ಒಂದು ಕಪ್ಪು ಪಟ್ಟಿಯ ಹಾಗೆ ಈ ಕೊಬ್ಬು ಕಾಣುತ್ತದೆ, ಹೃದಯದ ಜೊತೆಗೇ ಅಲುಗುತ್ತಿರುತ್ತದೆ. ಸಾಮಾನ್ಯವಾಗಿ 5 ಮಿ.ಮೀ. ದಾಟಿದರೆ ಹೆಚ್ಚು ಅನ್ನುತ್ತೇವೆ. ಆದರೆ ಪ್ರೋಬ್ ತುಸು ಓರೆಯಾದರೂ, ಅಳೆಯುವವರು ಬದಲಾದರೂ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಆಗುತ್ತದೆ. ಸರಿಯಾಗಿ ಅಳೆಯಲು ಸಿ.ಟಿ. ಅಥವಾ ಎಂ.ಆರ್.ಐ. ಬೇಕು, ಅದಕ್ಕೋಸ್ಕರ ಅವನ್ನು ಮಾಡಿಸುವ ಅಗತ್ಯವಿಲ್ಲ. ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಿ 8 ಏಳಾಯಿತಾ ಅಂತ ನೋಡಬೇಡಿ, ದುಡ್ಡು ದಂಡ. ಟೇಪಿನ ಅಳತೆ ಇಳಿದರೆ ಅದೂ ಇಳಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ವರದಿಯಲ್ಲಿ ಕೊಬ್ಬು ಕಂಡಿತು ಅಂತ ಏದುಸಿರನ್ನೆಲ್ಲ ಅದರ ತಲೆಗೆ ಕಟ್ಟಬಾರದು. ಅವರ ತಂದೆಗೆ 55ರೊಳಗೇ ಹೃದಯಾಘಾತ ಆಗಿದೆ, ಎಚ್‌ಡಿಎಲ್ ಕಡಿಮೆ, ಶುಗರ್ ಅಂಚಿನಲ್ಲಿದೆ. ಇಂಥವರಿಗೆ ಶ್ರಮಪಟ್ಟಾಗ ಏದುಸಿರು ಬಂದರೆ ಅದು ಎದೆನೋವಿನ ಬದಲು ಬಂದ ಬ್ಲಾಕಿನ ಲಕ್ಷಣವೂ ಆಗಿರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ, ಅದು ಸುಲಭದ ಕೆಲಸ. ಆಮೇಲೆ ಹೃದ್ರೋಗ ತಜ್ಞರ ಹತ್ತಿರ ಹೋಗಿ ಟ್ರೆಡ್ ಮಿಲ್ ಮೇಲೆ ನಡೆಸಿ ಇ.ಸಿ.ಜಿ. ನೋಡುವ ಟಿ.ಎಂ.ಟಿ. ಬೇಕಾ, ಸಿ.ಟಿ. ಕೊರೊನರಿ ಆಂಜಿಯೋಗ್ರಾಂ ಬೇಕಾ ಕೇಳಿ. ಟಿ.ಎಂ.ಟಿ. ಅಗ್ಗ, ಆದರೆ ಇಲ್ಲದ ಬ್ಲಾಕನ್ನು ಇದೆ ಅನ್ನುವುದೂ ಇರುವ ಬ್ಲಾಕನ್ನು ಇಲ್ಲ ಅನ್ನುವುದೂ ಅದಕ್ಕೆ ರೂಢಿ. ಸಿ.ಟಿ. ನಾಳಗಳನ್ನೇ ತೋರಿಸುತ್ತದೆ, ಬದಲಿಗೆ ಒಂದಿಷ್ಟು ವಿಕಿರಣ, ಕಾಂಟ್ರಾಸ್ಟ್ ಔಷಧ ಮೈಗೆ ಹೋಗುತ್ತದೆ, ಕಿಡ್ನಿ ಸರಿಯಿದೆಯಾ ಮೊದಲೇ ನೋಡಬೇಕು. ಎದುರಿಗೆ ಕೂತಿದ್ದರೆ ನಾನು ಬಹುಶಃ ಸಿ.ಟಿ. ಬರೆಯುತ್ತಿದ್ದೆ, ಆದರೆ ಮಾತಾಡಿಸಿ ಪರೀಕ್ಷಿಸಿದವರ ತೀರ್ಮಾನವೇ ಸರಿ. ಕೊಲೆಸ್ಟರಾಲ್ ಹೊರುವ ಒಂದು ಬಗೆಯ ಕಣ ಲಿಪೊಪ್ರೋಟೀನ್–ಎ, ಅದರ ರಕ್ತಪರೀಕ್ಷೆಯನ್ನೂ ಜೀವನದಲ್ಲಿ ಒಂದು ಸಲ ಮಾಡಿಸಿಬಿಡಿ. ಅದು ವಂಶದಲ್ಲಿ ಬರುವಂಥದ್ದು, ಊಟದಿಂದ ಬದಲಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದದ್ದು 8 ಮಿ.ಮೀ.ಗೆ ಅಲ್ಲ, ಗೊರಕೆ ಗಕ್ಕನೆ ನಿಲ್ಲುತ್ತದೆ ಅಂದಿರಲ್ಲ, ಆ ಸಾಲಿಗೆ. ಅದು ಸ್ಲೀಪ್ ಆಪ್ನಿಯಾ ಇರಬಹುದು. ಕುತ್ತಿಗೆಯ ಸುತ್ತಲಿನ ಕೊಬ್ಬಿನಿಂದ, ನಾಲಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ. ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಬಿ.ಪಿ. ಧಿಗ್ಗನೆ ಏರುತ್ತದೆ. ಇದು ರಾತ್ರಿಗೆ ಹತ್ತಾರು, ನೂರಾರು ಸಲ ನಡೆಯುತ್ತದೆ. ಅವರಿಗೆ ಏನೂ ನೆನಪಿರುವುದಿಲ್ಲ, ಬೆಳಿಗ್ಗೆ ತಲೆ ಭಾರ, ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಕೆ. ‘ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಸ್ಟಿಯರಿಂಗ್ ಮೇಲೇ ನಿದ್ದೆ ಬಂತು ಸರ್’ ಅಂತ ನಗುತ್ತಾ ಹೇಳಿದವರನ್ನು ನೋಡಿದ್ದೇನೆ, ನನಗೆ ನಗು ಬರಲಿಲ್ಲ. ಸ್ಲೀಪ್ ಸ್ಟಡಿ ಈಗ ಮನೆಯಲ್ಲೇ ಮಾಡುತ್ತಾರೆ. ಇದೆ ಅಂತಾದರೆ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ. ಮೊದಲೆರಡು ವಾರ ಮೂತಿಗೆ ಕಟ್ಟಿಕೊಂಡು ಮಲಗುವುದು ಹಿಂಸೆ ಅನ್ನಿಸುತ್ತದೆ, ಒಗ್ಗಿದವರು ಮಾತ್ರ ಹಬ್ಬಕ್ಕೆ ಊರಿಗೆ ಹೋದರೂ ಜೊತೆಗೇ ಒಯ್ಯುತ್ತಾರೆ. ನೀವು ಪಕ್ಕದಲ್ಲಿ ಮಲಗಿ ಇದನ್ನು ಕಂಡಿರಿ, ನಿಮ್ಮ ನಿದ್ದೆಗೇಡಿನಿಂದ ಆದ ಒಂದು ಉಪಕಾರ ಅದು. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಡಾಕ್ಟರಿಗೆ ಕೇಳಿಸಿ.

ಇನ್ನು ಮನೆಮಂದಿಯ ಸಲಹೆಗಳು. ಅತ್ತೆಯವರ ‘ಮೈಕಟ್ಟು’ ಅರ್ಧ ನಿಜ, ವಂಶದಲ್ಲಿ ಬರುವುದುಂಟು. ಆದರೆ ಅದೇ ವಂಶದ ಅವರ ಮನೆಯವರಿಗೇ 52ಕ್ಕೆ ಹಾರ್ಟ್ ಅಟ್ಯಾಕ್ ಆಯಿತು, ಅದನ್ನು ಮೆತ್ತಗೆ ನೆನಪಿಸಿ. ತುಪ್ಪಕ್ಕೆ ನಾನು ಶತ್ರುವಲ್ಲ. ಮುದ್ದೆಯ ಮೇಲೆ ಅರ್ಧ ಚಮಚ ಹಾಕಿಕೊಂಡರೆ ಯಾರೂ ಸಾಯುವುದಿಲ್ಲ. ‘ಎಣ್ಣೆ ಬದಲು ತುಪ್ಪ, ಆದ್ದರಿಂದ ಎಷ್ಟಾದರೂ ಸರಿ’ ಅನ್ನುವುದು ತಪ್ಪು. ತುಪ್ಪ, ಬೆಣ್ಣೆ, ತೆಂಗಿನೆಣ್ಣೆಗಳಲ್ಲಿನ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಕ್ಯಾಲೊರಿ ಎಲ್ಲ ಎಣ್ಣೆಯಲ್ಲೂ ಒಂದೇ. ಕೀಟೋದಲ್ಲಿ ತೂಕ ಇಳಿಯುವುದು ನಿಜ, ಟ್ರೈಗ್ಲಿಸರೈಡ್ ಇಳಿಯುವುದೂ ನಿಜ. ಕೆಲವರಲ್ಲಿ ಎಲ್‌ಡಿಎಲ್ ವಿಪರೀತ ಏರುತ್ತದೆ, ಮತ್ತು ಅನ್ನ–ಮುದ್ದೆ–ಬೇಳೆ ಬಿಟ್ಟು ಆರು ತಿಂಗಳಿಗಿಂತ ಹೆಚ್ಚು ಇದ್ದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ. ನಿಮ್ಮ ಮೈದುನ ಈಗಲೂ ಅದರಲ್ಲೇ ಇದ್ದಾನಾ, ವಿಚಾರಿಸಿ. ಬಿಸಿನೀರು–ಜೇನು–ನಿಂಬೆ ಯಾವ ಕೊಬ್ಬನ್ನೂ ಕರಗಿಸುವುದಿಲ್ಲ. ಲಿವರ್ ಡಿಟಾಕ್ಸ್ ಪುಡಿಗಳಿಂದ ಲಿವರೇ ಕೆಟ್ಟು ಬಂದವರಿದ್ದಾರೆ.

ನೀವು ಕೇಳಿಲ್ಲ, ಆದರೆ ಈ ಊರಿನ ಹೋರ್ಡಿಂಗ್‌ಗಳಲ್ಲಿ ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಜಾಹೀರಾತು ಇರುವುದರಿಂದ ಹೇಳುತ್ತೇನೆ. 2004ರಲ್ಲಿ ಅಮೆರಿಕದಲ್ಲಿ 15 ಮಹಿಳೆಯರ ಹೊಟ್ಟೆಯಿಂದ ಲೈಪೊಸಕ್ಷನ್ ಮೂಲಕ ಸುಮಾರು 10 ಕೆ.ಜಿ.ಯಷ್ಟು ಕೊಬ್ಬು ತೆಗೆದು, ಹತ್ತು ಹನ್ನೆರಡು ವಾರ ಬಿಟ್ಟು ಪರೀಕ್ಷಿಸಿದರು. ಬಿ.ಪಿ., ಶುಗರ್, ಕೊಲೆಸ್ಟರಾಲ್, ಇನ್ಸುಲಿನ್ ಕೆಲಸ ಮಾಡುವ ರೀತಿ, ಯಾವುದೂ ಸುಧಾರಿಸಿರಲಿಲ್ಲ. ಯಾಕೆಂದರೆ ತೆಗೆದದ್ದು ಚರ್ಮದಡಿಯ ಕೊಬ್ಬನ್ನು. ಕಣಜ ಖಾಲಿ ಮಾಡಿದರು, ದೇವರಮನೆ ಬಾಗಿಲಲ್ಲಿದ್ದ ಮೂಟೆ ಅಲ್ಲೇ ಇತ್ತು.

ಸಮಾಧಾನದ ಸಂಗತಿ ಎಂದರೆ ತೂಕ ಇಳಿಸಲು ಹೊರಟಾಗ ಚೆಲ್ಲಿದ ಈ ಕೊಬ್ಬೇ ಬೇಗ ಕರಗುತ್ತದೆ. 84ರಿಂದ 65ಕ್ಕೆ ಇಳಿಯಬೇಕಿಲ್ಲ. ಆರೇಳು ತಿಂಗಳಲ್ಲಿ 6ರಿಂದ 8 ಕೆ.ಜಿ. ಇಳಿದರೆ ಲಿವರ್‌ನ ಕೊಬ್ಬು, ಟ್ರೈಗ್ಲಿಸರೈಡ್, ಬಿ.ಪಿ., ಗೊರಕೆ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ.

ಎಲ್ಲಿಂದ ಶುರು? ಎಣ್ಣೆಯ ಕ್ಯಾನಿನಿಂದ. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಕ್ಯಾನು ಒಂದು ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಅಂದರೆ 340 ಕ್ಯಾಲೊರಿ, ಬರೀ ಎಣ್ಣೆಯಿಂದ. ಅದರ ಮೇಲೆ ಹೊರಗಿನ ತಿಂಡಿಯ ಎಣ್ಣೆ ಬೇರೆ. ಕ್ಯಾನು ತೆರೆದ ತಾರೀಕು ಬರೆದಿಡಿ, ಅಲ್ಲಿಂದ ಅದು ಎರಡು ತಿಂಗಳು ಬರಬೇಕು ಅನ್ನುವ ಒಂದೇ ನಿಯಮ ಮಾಡಿ, ಯಾರಿಗೂ ಪಥ್ಯ ಅನ್ನಿಸುವುದಿಲ್ಲ. ಆಮೇಲೆ ಊಟದ ಹೊತ್ತು. ನನ್ನ ಹತ್ತಿರ ಬರುವ ಸಾಫ್ಟ್‌ವೇರ್‌ನವರ ದಿನಚರಿ ಬಹುಪಾಲು ಒಂದೇ: ಬೆಳಿಗ್ಗೆ ಅವಸರದಲ್ಲಿ ದರ್ಶಿನಿಯ ಖಾರಾಬಾತ್, ನಾಲ್ಕು ಗಂಟೆಗೆ ಬೇಕರಿಯ ಪಫ್ ಮತ್ತು ಸಕ್ಕರೆ ಕಾಫಿ, ಟ್ರಾಫಿಕ್ ದಾಟಿ ಮನೆ ಸೇರಿ ಹತ್ತೂವರೆಗೆ ತಟ್ಟೆ ತುಂಬ ಅನ್ನ, ಹನ್ನೊಂದಕ್ಕೆ ಹಾಸಿಗೆ. ಅನ್ನ ಬಿಡಿ ಅನ್ನುವುದಿಲ್ಲ, ತಟ್ಟೆಯ ಲೆಕ್ಕ ತಿರುವಿಹಾಕಿ: ಮೊದಲು ಕೋಸಂಬರಿ, ಪಲ್ಯ, ಗಟ್ಟಿ ಬೇಳೆ ಅಥವಾ ಉಪ್ಪುಸಾರಿನ ಕಾಳು, ಕೊನೆಗೆ ಒಂದು ಹಿಡಿ ಅನ್ನ ಮಜ್ಜಿಗೆಗೆ. ‘ರಾಗಿ ಒಳ್ಳೆಯದಲ್ವಾ’ ಅಂತ ಕ್ರಿಕೆಟ್ ಬಾಲಿಗಿಂತ ದಪ್ಪನೆಯ ಎರಡು ಮುದ್ದೆ ನುಂಗುವವರಿಗೆ ಹೇಳುವುದು ಇಷ್ಟೇ, ಹೊಲದಲ್ಲಿ ದುಡಿದು ಬಂದವರ ಅಳತೆ ಅದು, ಲ್ಯಾಪ್‌ಟಾಪ್ ಮುಂದೆ ಕೂತವರದ್ದಲ್ಲ.

ವ್ಯಾಯಾಮ ಅಂದರೆ ವಾಕಿಂಗ್ ಅಂತ ಎಲ್ಲರೂ ತಿಳಿದಿದ್ದಾರೆ. ಒಳ್ಳೆಯದೇ, ಆದರೆ ಡೆನ್ಮಾರ್ಕ್‌ನಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಸಲಹೆಯನ್ನು ಬದಲಿಸಿತು. ಹೊಟ್ಟೆ ಬೊಜ್ಜಿದ್ದವರಿಗೆ ವಾರಕ್ಕೆ 3 ದಿನದಂತೆ 12 ವಾರ ಒಂದು ಗುಂಪಿಗೆ ಏದುಸಿರು ಬರುವಂಥ ವ್ಯಾಯಾಮ, ಇನ್ನೊಂದು ಗುಂಪಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಹೃದಯದ ಮೇಲಿನ ಕೊಬ್ಬು ಮೊದಲ ಗುಂಪಿನಲ್ಲಿ 32%, ಎರಡನೆಯದರಲ್ಲಿ 24% ಇಳಿದಿತ್ತು. ಭಾಗವಹಿಸಿದವರು ಐವತ್ತೇ ಜನ, ದೊಡ್ಡ ಪ್ರಯೋಗವಲ್ಲ. ಆದರೂ ಅಂದಿನಿಂದ ನಾನು ವಾಕಿಂಗ್ ಜೊತೆಗೆ ವಾರಕ್ಕೆ ಎರಡು ದಿನ ಡಂಬೆಲ್ಸ್, ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಏನಾದರೂ ಸೇರಿಸಿ ಅನ್ನುತ್ತೇನೆ. ಒಂದು ಷರತ್ತು: ನಿಮ್ಮ ಯಜಮಾನರು ಹೃದಯದ ಪರೀಕ್ಷೆ ಮುಗಿಯುವವರೆಗೆ ಜಿಮ್ಮಿಗೆ ಸೇರಿ ಜೋರು ಮಾಡಬಾರದು. ಸಾಧಾರಣ ನಡಿಗೆ ಸಾಕು.

ಮಾತ್ರೆಗಳ ವಿಷಯ. ಬಿ.ಪಿ.ಯನ್ನು ಮನೆಯಲ್ಲಿ ಏಳು ದಿನ ಬೆಳಿಗ್ಗೆ–ಸಂಜೆ ನೋಡಿ ಬರೆಯಿರಿ, ಸರಾಸರಿ 135/85 ದಾಟಿದರೆ ಅದು ಬಿ.ಪಿ.ಯೇ. ಎಲ್‌ಡಿಎಲ್ 138 ಲ್ಯಾಬ್ ಕಾಗದದಲ್ಲಿ ‘ಬಾರ್ಡರ್‌ಲೈನ್’ ಅನ್ನಿಸಿಕೊಂಡಿರುತ್ತದೆ. ತಂದೆಯ ಇತಿಹಾಸ ಸೇರಿಸಿದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುವ ಪಕ್ಷಕ್ಕೇ ನನ್ನ ಮತ. ಕೆಲವರಿಗೆ ಮೈಕೈ ನೋವು, ಶುಗರ್ ಅಂಚಿನಲ್ಲಿದ್ದವರಿಗೆ ತುಸು ಏರುವುದು ಇದೆ, ಆದರೆ ಇಂಥವರಲ್ಲಿ ಲಾಭದ ತೂಕವೇ ಹೆಚ್ಚು.

ಇಂಜೆಕ್ಷನ್‌ಗೆ ಬರೋಣ, ಈಗ ಮೂವರಲ್ಲಿ ಒಬ್ಬರು ಕೇಳುವುದು ಅದನ್ನೇ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಡೋಸಿನ ಸೆಮಾಗ್ಲುಟೈಡ್ ಅದೇ ಜೂನ್‌ನಲ್ಲಿ ಭಾರತಕ್ಕೆ ಬಂದವು. ಮೋಸದ ಔಷಧಗಳಲ್ಲ. 2023ರ ಸೆಲೆಕ್ಟ್ ಅಧ್ಯಯನದಲ್ಲಿ ಮೊದಲೇ ಹೃದಯ–ರಕ್ತನಾಳದ ಕಾಯಿಲೆ ಇದ್ದ, ತೂಕ ಹೆಚ್ಚಿದ್ದ, ಸಕ್ಕರೆ ಕಾಯಿಲೆ ಇಲ್ಲದ 17,604 ಜನರಿದ್ದರು. ಸುಮಾರು ಮೂರು ವರ್ಷ ಚಿಲ್ಲರೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧದ ಸಾವು ಔಷಧವಿಲ್ಲದ ಬರೀ ಸೂಜಿ ಚುಚ್ಚಿಸಿಕೊಂಡವರಲ್ಲಿ 8%, ಔಷಧ ಪಡೆದವರಲ್ಲಿ 6.5%. ಜಾಹೀರಾತಿನಲ್ಲಿ ಇದು ‘20% ಕಡಿಮೆ’ ಅಂತ ಬರುತ್ತದೆ. ಎರಡೂ ಸರಿ, ಆದರೆ ನೂರು ಜನರಲ್ಲಿ ಒಂದೂವರೆ ಜನ ಅಂತ ಹೇಳಿದರೆ ಅರ್ಥವಾಗುವ ರೀತಿ ಬೇರೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಬರಬಹುದು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್ ಆಗಿದ್ದರೆ ಮುಟ್ಟಬಾರದು. ಕೊಬ್ಬಿನ ಜೊತೆ ಮಾಂಸಖಂಡವೂ ಇಳಿಯುತ್ತದೆ, ಪ್ರೋಟೀನ್ ಮತ್ತು ಭಾರದ ವ್ಯಾಯಾಮ ಇಲ್ಲದಿದ್ದರೆ ಕೆನ್ನೆ ಬತ್ತಿ ಸೋತವರ ಹಾಗೆ ಕಾಣುತ್ತಾರೆ. ಮುಖ್ಯವಾಗಿ, ನಿಲ್ಲಿಸಿದರೆ ಮರಳುತ್ತದೆ: ಸೆಮಾಗ್ಲುಟೈಡ್ ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವಾಪಸು ಬಂದದ್ದನ್ನು ಅಧ್ಯಯನ ತೋರಿಸಿದೆ. ಹಾಗಾಗಿ ‘ಮಗನ ಉಪನಯನಕ್ಕೆ ಮೂರು ತಿಂಗಳು ತಗೋತೀನಿ’ ಅನ್ನುವವರಿಗೆ ನಾನು ಬರೆಯುವುದಿಲ್ಲ. ನಿಮ್ಮ ಯಜಮಾನರಿಗೆ? ಆರು ತಿಂಗಳು ಮನಸ್ಸಿಟ್ಟು ಮಾಡಿಯೂ ಟೇಪು ಅಲುಗದಿದ್ದರೆ, ಅಥವಾ ಆಪ್ನಿಯಾ ಜೋರಾಗಿದ್ದರೆ ಯೋಚಿಸೋಣ. ಆಫೀಸಿನವರ ಪೆನ್ನನ್ನು ಹಂಚಿಕೊಳ್ಳುವುದು ಬೇಡವೇ ಬೇಡ. ತೂಕ ಇಳಿಸಲು ಜಠರಕ್ಕೆ ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾತು ಈಗ ಎತ್ತುವ ಅಗತ್ಯವಿಲ್ಲ.

ಊರು ಹಾಸನ ಕಡೆ ಅಂದಿರಿ. 2025ರ ಜೂನ್–ಜುಲೈಯಲ್ಲಿ ಅಲ್ಲಿನ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದರು. ಸರ್ಕಾರದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ, ತೀರಿಕೊಂಡವರಲ್ಲಿ ಬಹುಪಾಲು ಜನರಲ್ಲಿ ಮೊದಲೇ ಗೊತ್ತಿರುವಂಥ ಅಪಾಯದ ಕಾರಣಗಳೇ ಇದ್ದವು ಅಂದಿತು. ಭಯದಿಂದ ಒಂದು ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಒಂದು ಲಕ್ಷಣ ನೆನಪಿಡುವುದು ಉಪಯೋಗಕ್ಕೆ ಬರುತ್ತದೆ. ಎದೆ ಹಿಂಡಿದ ಹಾಗೆ, ದವಡೆಗೋ ಎಡಗೈಗೋ ಎಳೆದ ಹಾಗೆ ಆಗಿ ತಣ್ಣನೆ ಬೆವರು ಬಂದರೆ ಅದನ್ನು ಗ್ಯಾಸ್ ಅನ್ನಬೇಡಿ, ಸೋಡಾ ಕುಡಿಸಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಬ್ಬಕ್ಕೆ ಊರಿಗೆ ಹೋದಾಗ ಹೀಗಾದರೆ ಬೆಂಗಳೂರಿಗೆ ಕಾರು ತಿರುಗಿಸಬೇಡಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಗಂಟೆಯಲ್ಲಿ ಅದು ಸಿಗುವುದು ಮುಖ್ಯ.

ಕೊನೆಗೆ, ‘ನನಗೇನೂ ತೊಂದರೆ ಇಲ್ಲ’ ಅಂದಿದ್ದೀರಿ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್. ನಿಮ್ಮ 5.9 ಅದರೊಳಗೇ ಇದೆ. ಬಸಿರಲ್ಲಿ ಶುಗರ್ ಬಂದು ಹೋದವರಿಗೆ ಮುಂದೆ ಸಕ್ಕರೆ ಕಾಯಿಲೆ, ಹೃದ್ರೋಗ ಎರಡರ ಸಾಧ್ಯತೆಯೂ ಹೆಚ್ಚು. ತೆಳ್ಳಗಿದ್ದ ಯಾಜ್ಞಿಕ್ ಅವರ ಲೆಕ್ಕ ಮೇಲೆ ಹೇಳಿದೆನಲ್ಲ. ಯಜಮಾನರ ಸುತ್ತಳತೆ ತೆಗೆದ ದಿನ ಟೇಪನ್ನು ಡಬ್ಬಿಗೆ ಹಾಕುವ ಮುಂಚೆ ನಿಮ್ಮದನ್ನೂ ತೆಗೆಯಿರಿ. 80 ದಾಟಿದ್ದರೆ ಹೃದಯದ ಡಾಕ್ಟರ ಹತ್ತಿರ ಹೋಗುವಾಗ ನಿಮ್ಮ ರಿಪೋರ್ಟನ್ನೂ ಅದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ.